ಮುಖ ತೊಳೆಯದ ಬನ್ನು

ಬನ್ನಿನ ಮೇಲೆ ಏನು ಸವರಬೇಕು ಎಂಬುದನ್ನೂ ಒಂದು ಕಥೆ ಮಾಡಿ ಹೇಳಲು ಹೊರಟಿದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ಇದರಲ್ಲಿ ಹೊಡೆದಾಟವಿಲ್ಲ, ಕಳ್ಳತನವಿಲ್ಲ. ಹಾಲು, ಮೊಟ್ಟೆ ಮತ್ತು ಎರಡು ಬ್ರಷ್ಷುಗಳಿವೆ, ಅಷ್ಟೆ. ಹೇಳುವವರಿಗೆ ಅಡುಗೆ ಅಷ್ಟಕ್ಕಷ್ಟೆ, ವೈದ್ಯವಂತೂ ಏನೇನೂ ಗೊತ್ತಿಲ್ಲ. ಆದರೂ ಆ ಮನೆಯವರು ಆ ಒಂದು ಮಧ್ಯಾಹ್ನ ಪಟ್ಟ ಭಯವನ್ನು ನೆನೆದರೆ ಸುಮ್ಮನಿರಲು ಆಗುವುದಿಲ್ಲ. ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಮೂರನೆಯ ಮಹಡಿಯ ಒಂದು ಮನೆ. ಅಲ್ಲಿ ಒಬ್ಬ ಲಾರಿ ಡ್ರೈವರ್, ಅವನ ಹೆಂಡತಿ, ಅವರ ಆರು ವರ್ಷದ ಮಗಳು, ಜೊತೆಗೆ ಡ್ರೈವರನ ಅಕ್ಕ. ಮಗಳು ಹುಟ್ಟಿದಾಗ ಚೋಟುದ್ದ ಇದ್ದಳೆಂದು ಚೋಟು ಎಂಬ ಹೆಸರು ಬಿದ್ದದ್ದು ಹಾಗೇ ಅಂಟಿಕೊಂಡಿತ್ತು. ಅಕ್ಕ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಾಜು ಒರೆಸುವುದು, ಫ್ರೇಮಿಗೆ ಕೂರಿಸುವುದು, ಬಂದವರ ಮೂಗಿನ ಮೇಲೆ ಸರಿಯಾಗಿ ನಿಂತಿತೇ ಎಂದು ನೋಡುವುದು. ಚೋಟು ಕರೆಯುವುದನ್ನು ಕೇಳಿ ಕೇಳಿ ಆ ಕಟ್ಟಡದವರೆಲ್ಲ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ.

ಅತ್ತೆಗೆ ಬ್ರೆಡ್ಡು ಮಾಡುವ ಹುಚ್ಚು. ರಜೆಯ ದಿನ ಬೆಳಿಗ್ಗೆ ಎದ್ದು ಹಿಟ್ಟು ನಾದಲು ನಿಂತಳೆಂದರೆ ಮೆಟ್ಟಿಲ ಮೇಲೆಲ್ಲ ಹುಳಿವಾಸನೆ ಇಳಿಯುತ್ತಿತ್ತು. ನಾದುವುದು, ಉಬ್ಬಿಸುವುದು ಎಲ್ಲರಿಗೂ ಬರುತ್ತದೆ, ಬನ್ನಿನ ಯೋಗ್ಯತೆ ಗೊತ್ತಾಗುವುದು ಮೇಲ್ಪದರದಲ್ಲಿ ಎಂಬುದು ಅವಳ ನಂಬಿಕೆ. ನೀರು ಸವರಿದರೆ ಗರಿಗರಿಯಾಗುತ್ತದೆ, ಬಣ್ಣ ಬರುವುದಿಲ್ಲ. ಎಣ್ಣೆ ಸವರಿದರೆ ಮೆತ್ತಗಿರುತ್ತದೆ. ಹಾಲು ಸವರಿದರೆ ಒಣಗಿದ ಎಲೆಯಂಥ ಕಂದುಬಣ್ಣ, ಆದರೆ ಮಂಕು. ಮೊಟ್ಟೆಯ ಹಳದಿಗೆ ಒಂದು ಚಮಚ ನೀರು ಹಾಕಿ ಕದಡಿ ಸವರಿದರೆ ಮಾತ್ರ, ಈಗ ತಾನೇ ಪಾಲಿಶ್ ಹಾಕಿದ ಬೂಟಿನ ಹಾಗೆ ಮಿಂಚುತ್ತದೆ.

ಆ ಮನೆಯಲ್ಲಿ ಆ ಮಿಂಚಿಗೆ ಇನ್ನೊಂದು ಅರ್ಥವಿತ್ತು. ಚೋಟುವಿಗೆ ಮೊಟ್ಟೆ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಎಂದರೆ ಹೊಟ್ಟೆ ಕೆಡುವ ಮಾತಲ್ಲ. ಎಲ್ಲೋ ಕೇಕಿನ ಒಂದು ಚೂರು ತಿಂದ ದಿನ ತುಟಿ ಊದಿ, ಕಣ್ಣು ಮುಚ್ಚಿಹೋಗಿ, ಉಸಿರು ಸಿಳ್ಳೆ ಹೊಡೆಯಲು ಶುರುವಾಗಿತ್ತು. ಆಸ್ಪತ್ರೆಗೆ ಮುಟ್ಟುವುದು ಇನ್ನಷ್ಟು ತಡವಾಗಿದ್ದರೆ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಪೂರ್ತಿ ಮಾಡುತ್ತಿರಲಿಲ್ಲ. ಅಂದಿನಿಂದ ಫ್ರಿಜ್ಜಿನ ಮೇಲೆ ಕೆಂಪು ಡಬ್ಬಿಯಲ್ಲಿ, ತೊಡೆಗೆ ಒತ್ತಿದರೆ ತಾನೇ ಚುಚ್ಚಿಕೊಳ್ಳುವ ಒಂದು ಇಂಜೆಕ್ಷನ್ ಇರುತ್ತಿತ್ತು.

ಹಾಗಾದರೆ ಮೊಟ್ಟೆಯನ್ನು ಮನೆಯೊಳಗೆ ಯಾಕೆ ಬಿಟ್ಟುಕೊಂಡರು ಎಂದು ಕೇಳಬಹುದು. ಆಮೇಲೆ ಅತ್ತೆಯೂ ತನ್ನನ್ನು ತಾನು ಇದನ್ನೇ ಕೇಳಿಕೊಂಡಳು. ಅವಳ ತಮ್ಮ, ಆ ಲಾರಿ ಡ್ರೈವರ್, ವಾರದಲ್ಲಿ ನಾಲ್ಕು ದಿನ ರಸ್ತೆಯ ಮೇಲೆ ಇದ್ದು ಬಂದವನು, ಮಿಂಚುವ ಬನ್ನು ಕಂಡರೆ ಮುಖ ಅರಳಿಸುತ್ತಿದ್ದ. ಅದಕ್ಕೇ ಎಲ್ಲವೂ ಎರಡೆರಡು: ಎರಡು ಬಟ್ಟಲು, ಎರಡು ಬ್ರಷ್ಷು, ಹಾಲಿನ ಬ್ರಷ್ಷಿನ ಹಿಡಿಗೆ ಹಸಿರು ದಾರ. ಮೊದಲು ಚೋಟುವಿನ ಬನ್ನು ಬೇಯಬೇಕು, ಆಮೇಲೆ ಉಳಿದವರದು. ಮಗುವಿಗೆ ಮಾತು ಬಂದಾಗಿನಿಂದ ಕಲಿಸಿದ್ದು ಒಂದೇ: ಮಿಂಚಿದ್ದು ದೊಡ್ಡವರದು, ಮಂಕಾದದ್ದು ಚೋಟುದು. ರಸ್ತೆ ದಾಟುವಾಗ ಕೆಂಪು ದೀಪ ನೋಡುವಷ್ಟು ಸಲೀಸಾಗಿ ಅವಳು ಅದನ್ನು ಪಾಲಿಸುತ್ತಿದ್ದಳು. ಬೇರೆಯವರ ಮನೆಯಲ್ಲೂ, ಅಂಗಡಿಯ ಗಾಜಿನ ಮುಂದೆಯೂ, ಹೊಳೆಯುವ ಬನ್ನು ಕಂಡರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು.

ಒಂದು ದಿನ ಸಂಜೆ ಮಾತ್ರ ಗಲ್ಲ ಉಬ್ಬಿಸಿಕೊಂಡು ಕೇಳಿದಳು. "ಅತ್ತೇ, ನನ್ನ ಬನ್ನಿಗೆ ಯಾಕೆ ಯಾವಾಗ್ಲೂ ಮುಖ ತೊಳ್ಸಲ್ಲ?"

"ಏನಂದೆ?"

"ಅಪ್ಪಂದು ನೋಡು, ಸ್ನಾನ ಮಾಡಿ ಬಂದಂಗಿದೆ. ನಂದು ಈಗ ಎದ್ದಂಗಿದೆ. ಕಣ್ಣಲ್ಲಿ ಗೀಜೂ ಇದೆ."

ಅತ್ತೆ ನಕ್ಕಳು. ನಕ್ಕರೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಇಷ್ಟು ಚಿಕ್ಕ ಮಗುವಿಗೆ ಎಲ್ಲದರಲ್ಲೂ ಮಂಕಾದದ್ದೇ ಪಾಲು ಎಂದು ತಾನೇ ಬರೆದಿಟ್ಟಂತಾಯಿತಲ್ಲ ಎನ್ನಿಸಿತು.

ಅಲ್ಲಿಂದ ಶುರುವಾಯಿತು ಹುಡುಕಾಟ. ಹಾಲಿಗೆ ಸಕ್ಕರೆ ಬೆರೆಸಿ ಸವರಿದಳು. ಬಣ್ಣ ಏರಿತು, ಹೊಳಪು ಬರಲಿಲ್ಲ. ಓವನ್ನಿನಿಂದ ತೆಗೆದ ಕೂಡಲೇ ಬೆಣ್ಣೆ ಉಜ್ಜಿದಳು. ಬಿಸಿಯಿರುವ ತನಕ ಮಿಂಚಿ, ಆರಿದ ಮೇಲೆ ಹೀರಿಕೊಂಡು ಸಪ್ಪೆಯಾಯಿತು. ಸಕ್ಕರೆ ಪಾಕ ಮಿಂಚಿತು, ಆದರೆ ಬನ್ನು ಕೈಗೂ ಕೂದಲಿಗೂ ಅಂಟಿಕೊಂಡು ಚೋಟುವಿಗೆ ಎರಡನೆಯ ಸಲ ಸ್ನಾನ ಮಾಡಿಸಬೇಕಾಯಿತು. ಕಡೆಗೆ ಒಂದು ಚಮಚ ಕಾರ್ನ್‌ಫ್ಲೋರನ್ನು ನೀರಿನಲ್ಲಿ ಕುದಿಸಿ, ತೆಳು ಗಂಜಿಯಂತಾದಾಗ, ಹಾಲು ಸಕ್ಕರೆ ಸವರಿ ಬೇಯಿಸಿದ ಬನ್ನಿನ ಮೇಲೆ ಬಳಿದು, ಮತ್ತೆ ಸ್ವಲ್ಪ ಹೊತ್ತು ಓವನ್ನಿಗಿಟ್ಟಳು. ಹೊರಗೆ ತೆಗೆದಾಗ ಅದು ಗಾಜು ಹೊದಿಸಿದ ಹಾಗಿತ್ತು.

"ಮುಖ ತೊಳೀತು!" ಎಂದು ಚೋಟು ಕುಣಿದಳು.

"ಶ್! ಅಮ್ಮಂಗೆ ಹೇಳ್ಬೇಡ. ರಜೆ ದಿನ ಒಂದು ತಟ್ಟೆ ತುಂಬ ಮಾಡಿ ತೋರ್ಸೋಣ. ಬೆಪ್ಪಾಗಿ ನಿಂತ್ಕೋಬೇಕು ಅವಳು."

ಚೋಟು ತುಟಿಗೆ ಬೆರಳಿಟ್ಟುಕೊಂಡಳು. ಅವಳು ಮಾತಿಗೆ ತಪ್ಪುವ ಮಗುವಲ್ಲ.

ಆ ರಜೆಯ ದಿನ ಕೆಳಮನೆಯ ಕಾಂಪೌಂಡರಿಗೂ ಬನ್ನು ಬೇಕಾಗಿತ್ತು. ಅವರು ಜೀವಮಾನವೆಲ್ಲ ಒಂದು ದವಾಖಾನೆಯಲ್ಲಿ ಔಷಧಿ ಬೆರೆಸಿ ನಿವೃತ್ತರಾದವರು. ಮಗಳ ಮನೆಯ ಬೀಗರು ಬರುವವರಿದ್ದರು. "ಅತ್ತೆ, ಬೀಗರ ಮುಂದೆ ನನ್ನ ಮಾನ ನಿಮ್ಮ ಓವನ್ನಲ್ಲಿದೆ. ಮೊಟ್ಟೆ ಧಾರಾಳವಾಗಿ ಬಳೀರಿ. ಬನ್ನಲ್ಲಿ ಅವರ ಮುಖ ಕಾಣ್ಬೇಕು. ಕಂಡ್ರೆ ಹೆದರ್ಕೊಂಡು ಬೇಗ ಎದ್ದು ಹೋಗ್ತಾರೆ" ಎಂದಿದ್ದರು.

ಚೋಟುವಿನ ಅಮ್ಮ ಬಸ್ ನಿಲ್ದಾಣದ ಟಿಕೆಟ್ ಕೌಂಟರಿಗೆ ಬೆಳಗಿನ ಪಾಳಿಗೆ ಹೋಗಿದ್ದಳು. ಅತ್ತೆ ಎಂದಿನಂತೆ ಮೊದಲು ಚೋಟುವಿನ ಬನ್ನು ಬೇಯಿಸಿದಳು, ಹಸಿರು ದಾರದ ಬ್ರಷ್ಷಿನಿಂದ ಗಂಜಿ ಬಳಿದಳು, ಕಿಟಕಿಯ ಹತ್ತಿರದ ಜಾಲರಿಯ ಮೇಲೆ ಎಡಗಡೆ ಆರಲು ಇಟ್ಟಳು. ಆಮೇಲೆ ಮೊಟ್ಟೆಯವನ್ನು ಬೇಯಿಸಿ ಬಲಗಡೆಯ ಜಾಲರಿಯ ಮೇಲಿಟ್ಟಳು. ಎಲ್ಲವೂ ಒಂದೇ ಆಕಾರ, ಒಂದೇ ಗಾತ್ರ. ಇಷ್ಟು ವರ್ಷ ಮಿಂಚೇ ಗುರುತಾಗಿದ್ದರಿಂದ ಬೇರೆ ಗುರುತು ಹಾಕುವ ಅಭ್ಯಾಸ ಅವಳ ಕೈಗೆ ಇರಲಿಲ್ಲ. ಎಳ್ಳು ಉದುರಿಸಬಹುದಿತ್ತು, ಚಾಕುವಿನಿಂದ ಒಂದು ಗೆರೆ ಎಳೆಯಬಹುದಿತ್ತು. ಎಡ ಯಾವುದು, ಬಲ ಯಾವುದು ತನಗೆ ಗೊತ್ತಿದೆಯಲ್ಲ ಎಂದುಕೊಂಡಳು. ಬಲಗಡೆಯಿಂದ ಒಂದಷ್ಟನ್ನು ತಟ್ಟೆಗೆ ಹಾಕಿಕೊಂಡು ಕೆಳಗೆ ಹೊರಟಳು. ಚೋಟು ಮೆಟ್ಟಿಲ ಮೇಲೆ ಸೀಮೆಸುಣ್ಣದಿಂದ ಬೆಕ್ಕು ಬರೆಯುತ್ತ ಕೂತಿದ್ದಳು.

ಕಾಂಪೌಂಡರು ತಟ್ಟೆ ನೋಡಿ ಕೈಜೋಡಿಸಿದರು. ಬೀಗರ ಸುದ್ದಿ ತೆಗೆದರು. ಬೀಗಿತ್ತಿಗೆ ಯಾವ ಕುರ್ಚಿಯೂ ಸರಿಹೋಗುವುದಿಲ್ಲವೆಂದರು. ಅತ್ತೆ ಮೆಟ್ಟಿಲಿಗೆ ಬೆನ್ನು ಹಾಕಿ ನಗುತ್ತ ಬಾಗಿಲಲ್ಲಿ ನಿಂತಿದ್ದಳು, ಪಾಳಿ ಮುಗಿಸಿ ಬಂದ ಚೋಟುವಿನ ಅಮ್ಮ ಹಿಂದಿನಿಂದ ಹತ್ತಿ ಹೋದದ್ದನ್ನು ನೋಡಲಿಲ್ಲ. ಆಗ ಮೇಲಿನಿಂದ ಕೂಗು ಕೇಳಿಸಿತು.

"ಉಗುಳು! ಉಗುಳೇ ಚೋಟು! ಉಗೀ!"

ಅತ್ತೆ ಮೆಟ್ಟಿಲು ಹತ್ತಿದ್ದು ಹೇಗೆಂದು ಅವಳಿಗೆ ನೆನಪಿಲ್ಲ. ಅಡುಗೆಮನೆಯಲ್ಲಿ ಚೋಟುವಿನ ಅಮ್ಮ ಮಗುವಿನ ಬಾಯಿಗೆ ಬೆರಳು ಹಾಕಿ ತೋಡುತ್ತಿದ್ದಳು. ಮೈಮೇಲೆ ಇನ್ನೂ ಕೌಂಟರಿನ ಸಮವಸ್ತ್ರವಿತ್ತು. ಚೋಟುವಿನ ಕೈಯಲ್ಲಿ ಬನ್ನಿನ ತಳ ಮಾತ್ರ ಉಳಿದಿತ್ತು.

"ಇದು ನಂದೇ ಅಮ್ಮ," ಎಂದು ಚೋಟು ಅಳುತ್ತ ಹೇಳುತ್ತಿದ್ದಳು. "ಇವತ್ತು ಮುಖ ತೊಳ್ಸಿದಾರೆ. ಅತ್ತೆನ ಕೇಳು ಬೇಕಾದ್ರೆ."

ಅತ್ತೆ ಕಿಟಕಿಯ ಕಡೆ ತಿರುಗಿದಳು. ಎರಡು ಜಾಲರಿಗಳೂ ಖಾಲಿ. ಮೇಜಿನ ಮೇಲೆ, ಬಟ್ಟೆ ಸರಿದಿದ್ದ ದೊಡ್ಡ ಪಾತ್ರೆಯಲ್ಲಿ ಬನ್ನುಗಳೆಲ್ಲ ರಾಶಿಯಾಗಿ, ಒಂದಕ್ಕೊಂದು ಅಂಟಿಕೊಂಡು, ಮಿಂಚುತ್ತ ಕೂತಿದ್ದವು.

"ಇದ್ಯಾರು ಹಾಕಿದ್ದು?"

"ನಾನೇ ಅತ್ತಿಗೆ. ಹೊರಗೆ ರಸ್ತೆ ಅಗೀತಿದಾರೆ, ಧೂಳೆಲ್ಲ ಬನ್ನಿನ ಮೇಲೇ ಬರ್ತಿತ್ತು. ಎಲ್ಲಾ ಒಟ್ಟಿಗೆ ಹಾಕಿ ಬಟ್ಟೆ ಮುಚ್ಚಿದೆ. ಎಲ್ಲಾ ಮಿಂಚ್ತಿತ್ತಲ್ಲ, ಮೊಟ್ಟೇದೇ ಅಂದ್ಕೊಂಡೆ. ಚೋಟುದು ಆಗ್ಲೇ ಡಬ್ಬಿಗೆ ಹಾಕಿಟ್ಟಿದೀರ ಅಂದ್ಕೊಂಡೆ. ಮುಖ ತೊಳ್ಕೊಂಡು ಬರೋಷ್ಟ್ರಲ್ಲಿ..." ಅಮ್ಮನ ಧ್ವನಿ ಒಡೆಯಿತು. "ಏನು ಹೇಳ್ತಿದಾಳೆ ಇವಳು? ಮುಖ ತೊಳ್ಸೋದು ಅಂದ್ರೇನು?"

ಅತ್ತೆ ರಾಶಿಯ ಕಡೆ ಕೈ ತೋರಿಸಿದಳು. "ಅರ್ಧ ಅವಳದೇ," ಎಂದಳು. "ಮೊಟ್ಟೆ ಇಲ್ಲದೆ ಮಿಂಚೋ ಹಾಗೆ ಮಾಡಿದ್ದೆ. ನಿನಗೆ ತೋರ್ಸೋಣ ಅಂತ."

"ಇವಳು ತಿಂದಿದ್ದು ಯಾವ್ದು?"

ಅತ್ತೆ ಮಗುವಿನ ಕೈಯಿಂದ ಉಳಿದ ತುಂಡನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಚೋಟುವಿಗೆ ಒಂದು ಅಭ್ಯಾಸವಿತ್ತು: ಬನ್ನಿನ ಮೇಲ್ಪದರವನ್ನು ಮೊದಲು ಸುಲಿದು ತಿನ್ನುವುದು, ಸಪ್ಪೆ ತಳವನ್ನು ಕಡೆಗೆ ಬೇಕೋ ಬೇಡವೋ ಎಂದು ಬಿಡುವುದು. ಏನಾದರೂ ಹೇಳಬಹುದಾಗಿದ್ದ ಭಾಗವೇ ಅವಳ ಹೊಟ್ಟೆಯೊಳಗಿತ್ತು. ಉಳಿದದ್ದು ಬರೀ ಬಿಳಿ ಮೆತ್ತೆ.

ಪಾತ್ರೆಯಿಂದ ಎರಡು ಬನ್ನು ಎತ್ತಿ ನೋಡಿದಳು. ತನ್ನ ಚೀಲದಲ್ಲಿದ್ದ ಅಂಗಡಿಯ ಭೂತಗನ್ನಡಿ ತೆಗೆದು ನೋಡಿದಳು. ದಿನವಿಡೀ ಬೇರೆಯವರ ಕಣ್ಣಿಗೆ ಕಾಣುವಂತೆ ಮಾಡುವವಳಿಗೆ ಏನೂ ಕಾಣಲಿಲ್ಲ. ಒಂದರ ಮೇಲ್ಪದರ ಕಚ್ಚಿದಳು, ಮೊಟ್ಟೆಯ ರುಚಿ. ಇನ್ನೊಂದನ್ನು ಕಚ್ಚಿದಳು, ಅದೂ ಮೊಟ್ಟೆಯ ರುಚಿ. ಮೂರನೆಯದೂ ಹಾಗೇ. ಹೆದರಿದ ನಾಲಿಗೆಗೆ ಎಲ್ಲವೂ ಮೊಟ್ಟೆಯೇ. ಎಷ್ಟು ಉಳಿದಿವೆ ಎಂದು ಎಣಿಸೋಣವೆಂದರೆ ಎಡಗಡೆ ಎಷ್ಟಿಟ್ಟಿದ್ದೆ ಎಂಬುದೇ ಹೊಳೆಯಲಿಲ್ಲ.

ಕೂಗು ಕೇಳಿ ಏದುಸಿರು ಬಿಡುತ್ತ ಹತ್ತಿ ಬಂದ ಕಾಂಪೌಂಡರು ಒಂದೇ ನೋಟಕ್ಕೆ ವಿಷಯ ತಿಳಿದುಕೊಂಡರು. ಅವರ ಮುಖದಲ್ಲಿ ತಮಾಷೆ ಮಾಯವಾಗಿತ್ತು.

"ಅತ್ತೆ, ಬನ್ನಿನ ಮುಖ ನೋಡ್ಬೇಡಿ. ಮಗು ಮುಖ ನೋಡಿ."

ಮೂವರೂ ನೋಡಿದರು. ಅತ್ತೂ ಅತ್ತೂ ಚೋಟುವಿನ ಮೂಗು ಕೆಂಪಾಗಿತ್ತು. ತುಟಿ? ತುಟಿ ಯಾವಾಗಲೂ ಇಷ್ಟೇ ದಪ್ಪವೇ? ದಿನಾ ಮುತ್ತಿಡುವ ಮುಖ, ಈಗ ಅದರ ಅಳತೆಯೇ ಮರೆತುಹೋಗಿತ್ತು.

"ಇಂಜೆಕ್ಷನ್ ತಗೊಳ್ಳಿ. ನನ್ನ ಕಾರಿದೆ, ಆಸ್ಪತ್ರೆ ಬಾಗಿಲಿಗೆ ಹೋಗಿ ಕೂರೋಣ. ಕೆಮ್ಮು ಬಂತು, ದದ್ದು ಎದ್ದಿತು, ಉಸಿರು ಒಂಚೂರು ಕೆಟ್ಟಿತು ಅಂದ್ರೆ ಯೋಚ್ನೆ ಮಾಡ್ತಾ ಕೂರ್ಬೇಡಿ. ಚುಚ್ಚಿಬಿಡಿ. ಕಾಯ್ದು ನೋಡೋಣ ಅನ್ನೋದು ಬೇಡ," ಎಂದರು ಕಾಂಪೌಂಡರು.

"ಬೀಗರು?" ಎಂದಳು ಅತ್ತೆ, ಅಂಥ ಹೊತ್ತಿನಲ್ಲೂ.

"ಬೀಗರು ಕುರ್ಚಿ ಹುಡುಕ್ತಾ ಇರ್ಲಿ. ನಡೀರಿ."

ಕಾಂಪೌಂಡರ ಕಾರು ಅವರಷ್ಟೇ ವಯಸ್ಸಾದದ್ದು. ಅಗೆದ ರಸ್ತೆಯ ಅಂಚಿನಲ್ಲಿ ಕುಲುಕಾಡುತ್ತ ಹೊರಟಿತು. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ಚೋಟು, ಪಕ್ಕದಲ್ಲಿ ಅತ್ತೆ. ಅಮ್ಮನ ಮುಷ್ಟಿಯಲ್ಲಿ ಇಂಜೆಕ್ಷನ್ನು. ಅತ್ತೆ ಮಗುವಿನ ಉಸಿರನ್ನು ಕೇಳುತ್ತಿದ್ದಳು. ಒಳಕ್ಕೆ ಹೋಗುವಾಗ ಒಂದು ಸದ್ದು, ಹೊರಗೆ ಬರುವಾಗ ಒಂದು ಸದ್ದು. ಎಂಜಿನ್ನಿನ ಗೊರಗೊರದಲ್ಲಿ ಯಾವುದು ಸಿಳ್ಳೆ, ಯಾವುದು ಕಾರು ಎಂದು ತಿಳಿಯದೆ ಜೀವ ಬಾಯಿಗೆ ಬರುತ್ತಿತ್ತು. ಏನಾದರೂ ಆಗಿಹೋದರೆ ತಮ್ಮನಿಗೆ ಯಾವ ಬಾಯಲ್ಲಿ ಹೇಳುವುದು? ಯಾವುದೋ ರಸ್ತೆಯಲ್ಲಿ ಹಾಡು ಹಾಕಿಕೊಂಡು ಗಾಡಿ ಓಡಿಸುತ್ತಿರುವವನಿಗೆ ಫೋನು ಮಾಡಿ, ನಿನ್ನ ಮಗಳ ಬನ್ನಿಗೆ ಮುಖ ತೊಳೆಸಿದೆ ಎನ್ನುವುದೇ?

ಚೋಟು ಕೆಮ್ಮಿದಳು.

"ಧೂಳು," ಎಂದಳು ಅತ್ತೆ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಹೆದರಿದಳು.

ಮತ್ತೆ ಕೆಮ್ಮಿದಳು. ಅಮ್ಮ ಅವಳ ಗದ್ದ ಎತ್ತಿದಳು. ಗದ್ದದ ಕೆಳಗೆ, ಕೊರಳಿನ ತನಕ, ಕೆಂಪು ಪಟ್ಟೆ. ಬಾಯಿ ತೊಳೆಯುವ ಗಡಿಬಿಡಿಯಲ್ಲಿ ಒರಟು ಟವೆಲಿನಿಂದ ಉಜ್ಜಿದ್ದು ಅಲ್ಲೇ. ದದ್ದು ಏಳುವುದೂ ಅಲ್ಲೇ.

"ಅತ್ತಿಗೆ," ಎಂದಳು ಅಮ್ಮ. ಅಷ್ಟೇ ಹೇಳಿದ್ದು. ಆದರೆ ಆ ಕಣ್ಣು ನೀವೇ ಹೇಳಿ ಎನ್ನುತ್ತಿತ್ತು.

ಅತ್ತೆ ಜೀವನದಲ್ಲಿ ಯಾವ ವಿಷಯಕ್ಕೂ ನೆಟ್ಟಗೆ ಹೂಂ ಅಂದವಳಲ್ಲ. ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ರುಚಿ ನೋಡುವವಳು, ಬೀಗ ಹಾಕಿದ ಮೇಲೆ ಬೀದಿಯ ತುದಿಯಿಂದ ಹಿಂದಿರುಗಿ ಎಳೆದು ನೋಡುವವಳು. ಈಗ ಮಗುವಿನ ಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

"ಚುಚ್ಚು."

"ದದ್ದು ಅಲ್ದೆ ಇದ್ರೆ?"

"ಅಲ್ದೆ ಇದ್ರೆ ನಾನು ಬೈಸ್ಕೋತೀನಿ. ಚುಚ್ಚೇ!"

ಕ್ಲಿಕ್ ಎಂದಿತು. ಚೋಟು ಕಿರುಚಿದ ಸದ್ದಿಗೆ ಕಾಂಪೌಂಡರು ಬ್ರೇಕ್ ಹಾಕಿದರು, ಮತ್ತೆ ಬಿಟ್ಟರು. "ನಾನು ಅಮ್ಮಂಗೆ ಹೇಳಿರ್ಲಿಲ್ಲ ಅತ್ತೇ," ಎಂದು ಮಗು ಬಿಕ್ಕಿತು. "ನೀನು ಹೇಳ್ದಂಗೇ ಬಾಯಿ ಮುಚ್ಕೊಂಡಿದ್ದೆ. ಮತ್ತೆ ಯಾಕೆ ಚುಚ್ಚಿದ್ದು?" ಅತ್ತೆ ಆ ಪುಟ್ಟ ಕಾಲನ್ನು ಬಿಡಲೇ ಇಲ್ಲ, ಆಸ್ಪತ್ರೆ ಬರುವ ತನಕ.

ಆಸ್ಪತ್ರೆಯಲ್ಲಿ ಮಗುವನ್ನು ಸಂಜೆಯವರೆಗೆ ಹಾಸಿಗೆಯಲ್ಲಿಟ್ಟುಕೊಂಡರು. ಬೆರಳಿಗೆ ಕ್ಲಿಪ್ಪು, ಎದೆಗೆ ತಂತಿ. ಇಂಜೆಕ್ಷನ್ನಿನಿಂದ ಮಗುವಿನ ಎದೆ, ಕೈಯಲ್ಲಿ ಹಿಡಿದ ಹಕ್ಕಿಯ ಹಾಗೆ, ಹೊಡೆದುಕೊಳ್ಳುತ್ತಿತ್ತು; ಕೈ ನಡುಗುತ್ತಿತ್ತು. ಅದು ಔಷಧಿಯ ಗುಣ, ಹೆದರಬೇಡಿ ಎಂದು ನರ್ಸು ಹೇಳಿದಳು. ಹೆದರಬೇಡಿ ಎಂದರೆ ಹೆದರಿಕೆ ಹೋಗುವಂತಿದ್ದರೆ ಇನ್ನೇನು ಬೇಕಿತ್ತು. ಅತ್ತೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಪ್ರತಿ ಸಲ ಬಾಗಿಲು ತೆರೆದಾಗಲೂ ಎದ್ದು ನಿಂತಳು, ಪ್ರತಿ ಸಲವೂ ಅದು ಬೇರೆ ಯಾರಿಗೋ ಆಗಿರುತ್ತಿತ್ತು.

ಬಹಳ ಹೊತ್ತಿನ ಮೇಲೆ ಚೋಟುವಿನ ಅಮ್ಮ ಬಂದು ಪಕ್ಕದಲ್ಲಿ ಕೂತಳು. ಅತ್ತೆ ತಲೆ ತಗ್ಗಿಸಿದಳು.

"ಬೈಯೇ. ಬೈದುಬಿಡು. ಸುಮ್ನೆ ಇರ್ಬೇಡ."

"ಎಲ್ಲಿಂದ ಶುರು ಮಾಡ್ಲಿ ಅತ್ತಿಗೆ? ನಿಮ್ಮನ್ನ ಬೈಯೋಣ ಅಂದ್ರೆ ಪಾತ್ರೆಗೆ ಸುರಿದವಳು ನಾನು. ನನ್ನ ಬೈಕೊಳ್ಳೋಣ ಅಂದ್ರೆ..." ಅಮ್ಮ ಅತ್ತೆಯ ಸೆರಗಿನ ತುದಿಯಿಂದಲೇ ಕಣ್ಣು ಒರೆಸಿಕೊಂಡಳು. "ಮಲಗಿದ್ದಾಳೆ. ಉಸಿರು ಚೆನ್ನಾಗಿದೆ."

ಆಗ ಅತ್ತೆ ಅತ್ತಳು.

ಹೊರಡುವಾಗ ಡಾಕ್ಟರಮ್ಮ, ನೀವು ಕಾರಿನಲ್ಲಿ ಚುಚ್ಚಿದ್ದು ಒಳ್ಳೆಯದೇ ಆಯಿತು ಎಂದರು. ಹಾಗಾದರೆ ಮೊಟ್ಟೆಯದೇ ತಿಂದಿದ್ದಳೇ ಎಂದು ಅತ್ತೆ ಕೇಳಿದಳು.

"ಹೇಳೋಕಾಗಲ್ಲ. ನೀವು ಬರೋಷ್ಟರಲ್ಲಿ ಔಷಧಿ ಒಳಗೆ ಹೋಗಿತ್ತಲ್ಲ."

"ಏನೂ ಆಗಿರ್ಲಿಲ್ವೇನೋ?"

"ಅದೂ ಇರ್ಬಹುದು. ಅದನ್ನ ತಿಳ್ಕೊಳ್ಳೋಕೆ ಅಂತ ಕಾಯೋದು ಮಾತ್ರ ಬೇಡ."

ಮನೆಗೆ ಬಂದ ಕೂಡಲೇ ಅತ್ತೆ ಪಾತ್ರೆಯ ಬನ್ನುಗಳನ್ನೆಲ್ಲ ಕಸಕ್ಕೆ ಸುರಿದಳು, ಮೊಟ್ಟೆಯ ಬ್ರಷ್ಷನ್ನೂ ಬಟ್ಟಲನ್ನೂ ಅದರ ಮೇಲೆಯೇ ಹಾಕಿದಳು. ಇನ್ನು ಆ ಮನೆಗೆ ಮೊಟ್ಟೆ ಬರಕೂಡದು ಎಂದಾಯಿತು. ಕೆಳಗೆ ಕಾಂಪೌಂಡರ ಬೀಗರು ಬನ್ನು ತಿಂದು, ತಟ್ಟೆ ಖಾಲಿ ಮಾಡಿ, ಕುರ್ಚಿಯ ಬಗ್ಗೆ ಒಂದೂ ಮಾತಾಡದೆ ಹೋಗಿದ್ದರಂತೆ.

ಮುಂದಿನ ರಜೆಯ ದಿನ ಅತ್ತೆ ಮತ್ತೆ ಹಿಟ್ಟು ನಾದಿದಳು. ಹಸಿರು ದಾರದ ಬ್ರಷ್ಷು ಒಂದೇ ಈಗ. ಚೋಟು ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಳು.

"ಅತ್ತೇ, ಮನೇಲಿ ಮೊಟ್ಟೆನೇ ಇಲ್ವಲ್ಲ. ಈಗ ಎಲ್ಲಾದಕ್ಕೂ ಮುಖ ತೊಳ್ಸಬಹುದು."

ಲೆಕ್ಕ ಸರಿಯಾಗಿಯೇ ಇತ್ತು. ಗಂಜಿಯೂ ಒಲೆಯ ಮೇಲೆ ತಯಾರಾಗಿತ್ತು. ಅತ್ತೆ ಬ್ರಷ್ಷು ಅದ್ದಿದಳು. ಬನ್ನಿನ ತನಕ ತಂದಳು. ಅಲ್ಲಿ ಕೈ ನಿಂತಿತು. ಚೋಟುವಿನ ಶಾಲೆಯ ತಿರುವಿನಲ್ಲಿ ಒಂದು ಬೇಕರಿ ಇದೆ. ಗಾಜಿನ ಹಿಂದೆ ಸಾಲಾಗಿ ಬನ್ನುಗಳು, ಒಂದೊಂದೂ ಮಿಂಚುತ್ತ. ಅವುಗಳ ಮುಂದೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವ ಮಗು ಇದು. ಮಿಂಚಿದ್ದೂ ನನ್ನದೇ ಎಂದು ಮನೆಯಲ್ಲಿ ದಿನಾ ಕಲಿತರೆ ಆ ಕೈ ಅಲ್ಲಿ ಎಷ್ಟು ದಿನ ಬೆನ್ನ ಹಿಂದೆ ನಿಂತೀತು? ಅಲ್ಲಿ ನೋಡಿಕೊಳ್ಳಲು ಅತ್ತೆಯೂ ಇಲ್ಲ, ಅಮ್ಮನೂ ಇಲ್ಲ.

ಅತ್ತೆ ಬ್ರಷ್ಷನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು.

ಗಂಜಿಯನ್ನು ಮೋರಿಗೆ ಚೆಲ್ಲಿದಳು. ಬಟ್ಟಲಿಗೆ ಹಾಲು ಸುರಿದುಕೊಂಡಳು. ಎಲ್ಲ ಬನ್ನುಗಳಿಗೂ, ತಮ್ಮನದಕ್ಕೂ, ತನ್ನದಕ್ಕೂ, ಹಾಲನ್ನೇ ಸವರಿದಳು.

"ಯಾಕತ್ತೇ?"

"ಇನ್ಮೇಲೆ ಈ ಮನೇಲಿ ಯಾರ ಬನ್ನಿಗೂ ಮುಖ ತೊಳ್ಸಲ್ಲ. ನಿಮ್ಮಪ್ಪಂದಕ್ಕೂ ಇಲ್ಲ."

ಚೋಟು ಯೋಚಿಸಿದಳು. "ಅಪ್ಪನ ಬನ್ನಿಗೂ ಗೀಜು?"

"ಎಲ್ಲಾರ್ದಕ್ಕೂ ಗೀಜು."

ಆ ನ್ಯಾಯ ಮಗುವಿಗೆ ಒಪ್ಪಿಗೆಯಾಯಿತು. ಲಾರಿಯಿಂದ ಇಳಿದು ಬಂದ ತಮ್ಮ ತಟ್ಟೆ ನೋಡಿ ಹುಬ್ಬು ಏರಿಸಿದ, ಅಕ್ಕನ ಮುಖ ನೋಡಿ ಹುಬ್ಬು ಇಳಿಸಿದ, ಮಂಕು ಬನ್ನನ್ನು ಎರಡು ಭಾಗ ಮಾಡಿ ತಿಂದ. ಅತ್ತೆ ಮಾತ್ರ ಈಗಲೂ ಚೋಟು ಕೆಮ್ಮಿದರೆ ಮಾಡುತ್ತಿರುವ ಕೆಲಸ ಬಿಟ್ಟು ಅವಳ ಗದ್ದ ಎತ್ತಿ ನೋಡುತ್ತಾಳೆ.

ಆ ದಿನ ಮಗುವಿನ ಕೈಗೆ ಸಿಕ್ಕಿದ್ದು ಎಡಗಡೆಯ ಬನ್ನೋ ಬಲಗಡೆಯದೋ, ಕೊರಳಿನ ಕೆಂಪು ಮೊಟ್ಟೆಯಿಂದ ಬಂದದ್ದೋ ಟವೆಲಿನಿಂದ ಬಂದದ್ದೋ, ಕಾರಿನಲ್ಲಿ ಆ ಸೂಜಿ ಒಂದು ಜೀವ ಉಳಿಸಿತೋ ಅಥವಾ ಏನೂ ಆಗದ ಮಗುವನ್ನು ಸುಮ್ಮನೆ ಅಳಿಸಿತೋ ಅವರಿಗೆ ಗೊತ್ತಾಗಲಿಲ್ಲ. ಹೇಳುತ್ತಿರುವವರಿಗೂ ಗೊತ್ತಿಲ್ಲ.